ಹಾಳೆಯ ಹಿಂಬದಿ

ಎರಡನೇ ಸೆಮಿಸ್ಟರಿಗೇ ಇಂಜಿನಿಯರಿಂಗಿಗೆ ಕೈಮುಗಿದು ಚಿತ್ರಕಲೆಗೆ ಸೇರಿದವನು ನಾನು, ಶಿವಕಿರಣ್. ಬ್ರಷ್ ಹಿಡಿಯುವುದು ಇನ್ನೂ ಬಂದಿಲ್ಲ, ಕಲಾವಿದನ ಜಂಬ ಮಾತ್ರ ಮೊದಲ ವಾರದಲ್ಲೇ ಬಂತು. ಮೊದಲ ಸಬ್‌ಮಿಷನ್ನಿಗೆ ಒಂದೇ ದಿನ ಉಳಿದಿತ್ತು: ಮನೆಯ ಯಾವುದಾದರೂ ವಸ್ತು, ಜಲವರ್ಣದಲ್ಲಿ. "ಕಾಟನ್ ಶೀಟ್ ಇಲ್ದೆ ವಾಟರ್ ಕಲರ್ ಮಾಡೋದೂ ಒಂದೇ, ಸುಮ್ನೆ ಇರೋದೂ ಒಂದೇ ಮಗಾ" ಎಂದು ಸೀನಿಯರ್ ಸುರಭಿ ಹೇಳಿದ್ದಳು. ಹತ್ತಿಯಿಂದ ಮಾಡಿದ ದಪ್ಪ ಹಾಳೆಯಂತೆ, ಎಷ್ಟು ನೀರು ಕುಡಿದರೂ ಸುಕ್ಕಾಗುವುದಿಲ್ಲವಂತೆ. ತರಗತಿಯ ಅರ್ಧ ಜನ ಮಾಮೂಲಿ ಹಾಳೆಯಲ್ಲೇ ನನಗಿಂತ ಚೆನ್ನಾಗಿ ಮಾಡುತ್ತಾರೆ ಎಂಬುದು ನನ್ನ ತಲೆಗೆ ಹೋಗಲಿಲ್ಲ.

ಜಯನಗರ ಫೋರ್ತ್ ಬ್ಲಾಕಿನ ಮೊದಲ ಅಂಗಡಿಯ ಅಂಕಲ್ ನನ್ನ ಮಾತನ್ನೆಲ್ಲ ಕೇಳಿ, "ಮಗು ಯಾವ ಕ್ಲಾಸು ಸಾರ್?" ಎಂದರು.

"ನನಗೇ ಅಂಕಲ್."

ಅವರು ನನ್ನ ಗಡ್ಡ ನೋಡಿದರು. ಕಲಾವಿದನ ಹಾಗೆ ಕಾಣಲೆಂದೇ ಬಿಟ್ಟ ಗಡ್ಡ ಅದು. "ಚಾರ್ಟ್ ಪೇಪರ್ ಕೊಡ್ಲಾ? ಥರ್ಮಾಕೋಲೂ ಇದೆ" ಎಂದರು.

ಎರಡನೆಯ ಅಂಗಡಿಯವನು ಮದುವೆ ಕಾರ್ಡಿನ ಕಾಗದ ತೋರಿಸಿದ. ಮೂರನೆಯವನು "ಆನ್‌ಲೈನಲ್ಲಿ ನೋಡಿ" ಎಂದು ಮೊಬೈಲಿನಿಂದ ತಲೆ ಎತ್ತದೆ ಹೇಳಿದ. ನಾಲ್ಕನೆಯದರಲ್ಲಿ ಒಂದೇ ಒಂದು ಹಾಳೆ ಉಳಿದಿತ್ತು. ವಾರದ ಕ್ಯಾಂಟೀನ್ ದುಡ್ಡು ಅಲ್ಲೇ ಹೋಯಿತು. ಅಂಗಡಿಯಾಕೆ ಅದನ್ನು ಸುತ್ತಲು ಹೋದಾಗ "ಅಯ್ಯೋ, ಸುತ್ಬೇಡಿ ಅಕ್ಕ!" ಎಂದು ಕಿರುಚಿದೆ. ಪಾಪ, ಹೆದರಿಬಿಟ್ಟರು. ಎರಡು ರಟ್ಟಿನ ನಡುವೆ ಇಟ್ಟು ಟೇಪು ಹಾಕಿಸಿಕೊಂಡೆ.

ಮೆಟ್ರೋ ಸ್ಟೇಷನ್ನಿನ ಸ್ಕ್ಯಾನರಿನೊಳಗೆ ರಟ್ಟು ತೂರಲಿಲ್ಲ.

"ಏನಿದೆ ಇದ್ರಲ್ಲಿ?" ಸೆಕ್ಯುರಿಟಿ ಮೇಡಂ ಕೇಳಿದರು.

"ಪೇಪರ್ ಮೇಡಂ."

"ಏನ್ ಬರ್ದಿದೆ?"

"ಏನೂ ಬರ್ದಿಲ್ಲ. ಖಾಲಿ."

"ಖಾಲಿ ಪೇಪರಿಗೆ ಇಷ್ಟೊಂದು ಒದ್ದಾಟನಾ? ಹೋಗಪ್ಪ ಹೋಗು."

ಬನಶಂಕರಿಯಲ್ಲಿ ಜನ ನುಗ್ಗಿದಾಗ ರಟ್ಟನ್ನು ತಲೆಯ ಮೇಲೆ ಎತ್ತಿ ಹಿಡಿದವನು ಕೋಣನಕುಂಟೆ ಕ್ರಾಸ್ ಬರುವ ತನಕ ಇಳಿಸಲಿಲ್ಲ. ಹಾಳೆ ಒಂದು ಗೀರೂ ಬೀಳದೆ ಮನೆ ಮುಟ್ಟಿತು. ಅದನ್ನು ಬಿಚ್ಚಿ ಮೇಜಿನ ಮೇಲೆ ಇಟ್ಟು, "ಅಮ್ಮ, ಹುಷಾರು, ನನ್ನ ಜೀವ ಇದರಲ್ಲೇ ಇದೆ" ಎಂದು ಹೇಳಿ ಸ್ನಾನಕ್ಕೆ ಹೋದೆ.

ಬಂದು ನೋಡುತ್ತೇನೆ, ಹಾಳೆ ದೇವರ ಮುಂದೆ ಕೂತಿದೆ. ನಟ್ಟನಡುವೆ ಮೂರು ಬೆರಳಿನ ವಿಭೂತಿ. ನಾಲ್ಕೂ ಮೂಲೆಗೆ ಕಲಸಿದ ಅರಿಶಿನ, ಅದರ ಮೇಲೆ ಕುಂಕುಮ.

ನಾನು ಏನೇನು ಕೂಗಾಡಿದೆನೋ, ಬರೆಯಲು ನಾಚಿಕೆಯಾಗುತ್ತದೆ. ಹಾಳೆ ಎತ್ತಿಕೊಂಡು ಅಡುಗೆಮನೆಗೆ ಓಡಿ, ಒಂದು ಮೂಲೆಗೆ ಪಾತ್ರೆ ಸೋಪು ಹಚ್ಚಿ ಉಜ್ಜಿದೆ. ಹಳದಿ ಹೋಗಲಿಲ್ಲ, ರಕ್ತದಂತೆ ಕೆಂಪಾಯಿತು.

ಅಮ್ಮ ಬಾಗಿಲಲ್ಲಿ ನಿಂತಿದ್ದಳು. "ಸೋಪು ತಾಗಿದ್ರೆ ಅರಿಶಿನ ಕೆಂಪಾಗತ್ತೆ ಅಂತ ಗೊತ್ತಿಲ್ವೇನೋ? ಬಣ್ಣದ ಕಾಲೇಜಲ್ಲಿ ಇನ್ನೇನ್ ಹೇಳ್ಕೊಡ್ತಾರೋ!"

"ಯಾಕಮ್ಮ ಹಚ್ಚಿದೆ?" ಅಳುವೇ ಬಂದಿತ್ತು ನನಗೆ.

"ಆಯುಧಪೂಜೆ ದಿನ ಮಿಕ್ಸಿಗೂ ವಿಭೂತಿ ಹಚ್ದೆ, ನಿನ್ನ ಬ್ರಷ್ಷಿಗೆ ಹಚ್ಲಿಲ್ಲ ಅಂತ ಊಟದ ಮುಂದಿಂದ ಎದ್ದೋದ್ಯಲ್ಲ. ಅವತ್ತು ನಂಗೂ ಊಟ ಸೇರ್ಲಿಲ್ಲ ಕಣೋ. ಇವತ್ತು ಜೀವ ಇದರಲ್ಲೇ ಇದೆ ಅಂದೆ. ಅದಕ್ಕೇ ಇಟ್ಟೆ."

ನಾನು ಇಂಜಿನಿಯರಿಂಗ್ ಸೇರಿದಾಗ ಕ್ಯಾಲ್ಕುಲೇಟರಿಗೂ ಹೂವು ಏರಿಸಿದವಳು ಅಮ್ಮ. ಅದನ್ನು ಬಿಟ್ಟ ಮೇಲೆ ನನ್ನ ಸಾಮಾನು ಅವಳ ದೇವರ ಕೋಣೆಯ ಹೊಸ್ತಿಲು ದಾಟಿರಲಿಲ್ಲ. ಅಷ್ಟು ದಿನ ಅದಕ್ಕಾಗಿ ಮುನಿಸಿಕೊಂಡಿದ್ದೆ. ದಾಟಿದ ದಿನ ಅವಳ ಮೇಲೇ ಕೂಗಾಡಿದ್ದೆ. ನನ್ನಂಥ ದಡ್ಡ ಇನ್ನೊಬ್ಬನಿಲ್ಲ ಅನ್ನಿಸಿತು.

ಅಮ್ಮ ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡು ತಿರುಗಿಸಿ ನೋಡಿದಳು. "ಈ ಕಡೆ ಖಾಲಿ ಇದೆಯಲ್ಲೋ. ಇಲ್ಲಿ ಬರಿಯಕ್ಕಾಗಲ್ವಾ?"

ಆಗುತ್ತಿತ್ತು. ನನಗೇ ಹೊಳೆದಿರಲಿಲ್ಲ.

ಗಾಜಿನ ಹೂಜಿ, ರೇಷ್ಮೆ ಬಟ್ಟೆ ಎಂದೆಲ್ಲ ಯೋಚಿಸಿಟ್ಟಿದ್ದೆ. ಅದನ್ನು ಬಿಟ್ಟು ಮಿಕ್ಸಿ ಬರೆದೆ. ಹಿಂಬದಿಯಲ್ಲಿ ವಿಭೂತಿಯ ಕೆಳಗೆ ಹೆಸರು, ರೋಲ್ ನಂಬರ್ ಹಾಕಿದೆ.

ನಮ್ಮ ಜಯಸಿಂಹ ಸಾರ್ ಚಿತ್ರ ನೋಡುವುದಕ್ಕೆ ಮುಂಚೆ ಹಾಳೆ ತಿರುಗಿಸಿ ಹೆಸರು ಓದುತ್ತಾರೆ. ನನ್ನದನ್ನು ತಿರುಗಿಸಿದವರು ಹಾಗೇ ನಿಂತುಬಿಟ್ಟರು.

"ಸಾರ್, ಅದು ನಮ್ಮಮ್ಮ..."

"ಗೊತ್ತಾಯ್ತು." ಅವರು ತಮ್ಮ ಮೂರು ಬೆರಳನ್ನು ವಿಭೂತಿಯ ಗೆರೆಗಳ ಹತ್ತಿರ ಒಯ್ದು, ಮುಟ್ಟದೆ ಹಿಂದೆ ತೆಗೆದುಕೊಂಡರು. "ನಾನು ಬ್ರಷ್ ಹಿಡ್ದು ಮೂವತ್ತು ವರ್ಷ ಆಯ್ತು. ನಮ್ಮಮ್ಮ ಒಂದ್ಸಲಾನೂ ಹಚ್ಲಿಲ್ಲ ಕಣೋ."

ಆಮೇಲೆ ಹಾಳೆ ತಿರುಗಿಸಿ ಮಿಕ್ಸಿಯನ್ನು ನೋಡಿ, ಹತ್ತಕ್ಕೆ ನಾಲ್ಕು ಕೊಟ್ಟರು.