ಇಬ್ಬರಿಗೊಂದು ಉಸಿರಿನ ಕೊಳವೆ

ನನ್ನ ಅತ್ತೆ ಕೃಷ್ಣಮ್ಮನವರು ಲೋಟ ತುಟಿಗೆ ತಾಗಿಸಿದ್ದನ್ನು ನಮ್ಮೂರು ಅತ್ತಿಗುಂಡಿಯಲ್ಲಿ ಕಂಡವರಿಲ್ಲ. ನೀರಾಗಲಿ, ಕಾಫಿಯಾಗಲಿ, ಎತ್ತಿ ಸುರಿದುಕೊಳ್ಳುವುದೇ. ಅಂಥವರಿಗೆ ಅರವತ್ತಕ್ಕೆ ಕಾಲಿಟ್ಟ ವರ್ಷ, ಟಿ.ವಿ.ಯಲ್ಲಿ ಹವಳದ ದಿಬ್ಬದ ಮೀನು ನೋಡಿ ಹುಚ್ಚು ಹಿಡಿಯಿತು. ಸಮುದ್ರದಲ್ಲಿ ಮುಖ ಮುಳುಗಿಸಿ ಅವನ್ನು ನೋಡಲೇಬೇಕಂತೆ, ಜೊತೆಗೆ ನಾನೂ ಹೋಗಬೇಕಂತೆ!

ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಕರೆದೊಯ್ಯುವ ಇಬ್ಬರಿಗೆ ಫೋನ್ ಮಾಡಿದೆ. "ಬಾಯಲ್ಲಿ ಕಚ್ಚೋ ಕೊಳವೆ ಎಲ್ಲರಿಗೂ ಅದೇ ಮೇಡಂ, ಉಪ್ಪುನೀರಲ್ಲಿ ಅದ್ದಿ ಕೊಡ್ತೀವಿ" ಎಂದ ಮೊದಲನೆಯವನು. ಪಕ್ಕದಲ್ಲಿದ್ದ ಅತ್ತೆ ಫೋನ್ ಕಿತ್ತು ಇಟ್ಟೇಬಿಟ್ಟರು. ಎರಡನೆಯವನು ಒಬ್ಬೊಬ್ಬರಿಗೂ ಬೇರೆ ಬೇರೆ ಕೊಡುತ್ತಾನೆ. ಆದರೆ ಅವನದೊಂದು ಷರತ್ತು: "ಡಿಸೆಂಬರಲ್ಲಿ ಬೆಳಿಗ್ಗೆ ನೀರು ತಣ್ಣಗಿರುತ್ತೆ. ತಣ್ಣೀರಲ್ಲಿ ಮುಖ ಅದ್ದಿ, ಕೊಳವೆಯಲ್ಲಿ ಉಸಿರಾಡೋದು ಕಲಿತು ಬನ್ನಿ. ಕಲಿಯದೆ ಬಂದವರು ದೋಣಿಯಲ್ಲೇ ಕೂರಬೇಕು." ಕಲಿಯಲೆಂದು ನೀರಲ್ಲಿ ಹಾಕುವ ಒಂದು ಕನ್ನಡಕ, ಒಂದು ಕೊಳವೆ ಬಸ್ಸಿಗೆ ಹಾಕಿ ಕಳಿಸಿದ.

ತೋಟದ ಕೆರೆಗಿಳಿದೆವು. ಎದೆಮಟ್ಟ ನೀರು, ಹಲ್ಲು ಕಟಕಟ. ಅತ್ತೆ ಕಚ್ಚೆ ಕಟ್ಟಿ, ಮೇಲೆ ಮಾವನ ಸ್ವೆಟರ್ ಹಾಕಿದ್ದರು.

"ನೀನೇ ಮೊದ್ಲು ಹಾಕ್ಕೊಳ್ಳೇ ಮೇಘ, ನಂಗೆ ಹೆದ್ರಿಕೆ."

"ನಾನು ಹಾಕ್ಕೊಂಡ್ರೆ ಎಂಜಲಾಗತ್ತಲ್ಲ ಅತ್ತೆ?"

"ಅದೂ ಹೌದು ಮಾರಾಯ್ತಿ!"

ಅತ್ತೆಗೆ ಮೊದಲು ಮುಳುಗಲು ಧೈರ್ಯವಿಲ್ಲ, ಆಮೇಲೆ ಮುಳುಗಲು ಮಡಿ ಬಿಡದು. ನಡುಗುತ್ತಲೇ ನಕ್ಕು ನಕ್ಕು ಇಬ್ಬರಿಗೂ ಸುಸ್ತು. ಆದರೂ ನನಗೆ ಒಳಗೊಳಗೇ ಕಳವಳ. ಇಷ್ಟು ಆಸೆಪಟ್ಟವರು ದೋಣಿಯಲ್ಲಿ ಕೂತೇ ವಾಪಸಾದರೆ?

ಆದದ್ದಾಗಲಿ ಎಂದು ನಾನೇ ಕನ್ನಡಕ ಹಾಕಿ, ಕೊಳವೆ ಕಚ್ಚಿಕೊಂಡು ಮುಳುಗಿದೆ. ಕಲ್ಲಿನ ಸಂದಿಯಿಂದ ಬೆರಳುದ್ದದ ಮೀನಿನ ದಂಡೇ ಹೊರಟು ನನ್ನ ಕೆನ್ನೆಯ ಹತ್ತಿರಕ್ಕೇ ಬಂತು. ಕೊಳವೆಯೊಳಗೇ "ಊ... ಊ..." ಎಂದು ಕಿರುಚಿದೆ.

"ಏನೇ? ಏನ್ ಕಂಡ್ತೇ? ಹೇಳೇ!" ಅತ್ತೆ ನನ್ನ ಜಡೆ ಹಿಡಿದೆತ್ತಿದರು. ಉತ್ತರಕ್ಕೂ ಕಾಯಲಿಲ್ಲ. ಕನ್ನಡಕ ಕಿತ್ತು ತಾವು ಹಾಕಿಕೊಂಡರು. ನನ್ನ ಬಾಯಿಂದ ಎಳೆದ ಕೊಳವೆಯನ್ನು ತೊಳೆಯದೆ, ಒರೆಸದೆ ಕಚ್ಚಿಕೊಂಡು ಮುಳುಗಿಯೇಬಿಟ್ಟರು.

ನಾನು ಬಾಯಿ ಬಿಟ್ಟುಕೊಂಡು ನಿಂತೆ. ಕೊಳವೆಯ ತುದಿಯಲ್ಲಿ ಸುಂಯ್ ಸುಂಯ್ ಎಂದು ಅತ್ತೆಯ ಉಸಿರು. ಸ್ವಲ್ಪ ಹೊತ್ತಿಗೆ ಅದರಿಂದಲೂ "ಊ... ಊ..."!

ಎದ್ದಾಗ ಅವರ ತುಟಿ ನೀಲಿಯಾಗಿತ್ತು, ಮುಖವೆಲ್ಲ ನಗು. ಖುಷಿಗೆ ನನ್ನ ಕಣ್ಣಲ್ಲಿ ನೀರೇ ಬಂತು.

"ಅತ್ತೆ, ಎಂಜಲು..." ಎಂದೆ.

ಅವರು ಕೈಯಲ್ಲಿದ್ದ ಕೊಳವೆಯನ್ನು ನೋಡಿದರು, ನನ್ನನ್ನು ನೋಡಿದರು.

"ಸುಮ್ನಿರೇ, ಮೀನು ಹೋಗ್ಬಿಡತ್ತೆ" ಎಂದು ಮತ್ತೆ ಕಚ್ಚಿಕೊಂಡರು.