ಕೊಕ್ಕೆಯ ಸಂದಿನಲ್ಲಿ

ಭೋಜ ಶೆಟ್ಟರು ಮೂರನೆಯ ಸಲ ಪಿಸ್ತೂಲಿನ ಮೇಲ್ಭಾಗದ ಸ್ಲೈಡ್ ಎಳೆದರು. ಒಳಗೆ ಹಾಕಿದ್ದ ಡಮ್ಮಿ ಗುಂಡು ಈಚೆ ಹಾರಬೇಕಿತ್ತು, ಹಾರಲಿಲ್ಲ. ನಳಿಗೆಯ ಬಾಯಿಂದ ಕಡ್ಡಿ ತೂರಿಸಿ ದೂಡಿದರೆ ಮಾತ್ರ ಸಲೀಸಾಗಿ ಮೇಜಿನ ಮೇಲೆ ಬಿತ್ತು. ಅಂದರೆ ನಳಿಗೆಯಲ್ಲಿ ಕೊಳೆಯಿಲ್ಲ, ಗುಂಡಿನ ದೋಷವೂ ಅಲ್ಲ. ಉಳಿದದ್ದು, ಹಾರಿದ ಗುಂಡಿನ ಖಾಲಿ ಕೇಸನ್ನು ಕಚ್ಚಿ ಈಚೆ ಎಳೆಯುವ ಉಗುರಿನಷ್ಟು ಚಿಕ್ಕ ಕೊಕ್ಕೆ.

ಮೂವತ್ತೆರಡು ವರ್ಷ ಪೊಲೀಸ್ ಶಸ್ತ್ರಾಗಾರದಲ್ಲಿ ಕೂತು ಇಂಥ ಎಷ್ಟೋ ಹಟಮಾರಿ ಪಿಸ್ತೂಲುಗಳ ಬಾಯಿ ಬಿಡಿಸಿದ ಕೈ ಅದು.  ಇವತ್ತು ಮೇಜಿನ ಮೇಲಿದ್ದದ್ದು ಅವರ ಅಳಿಯನ ಪಿಸ್ತೂಲು. ಅಕ್ಕ ವನಜಳ ಒಬ್ಬನೇ ಮಗ, ಸಬ್ ಇನ್‌ಸ್ಪೆಕ್ಟರ್ ರವಿರಾಜ್, ಶಿರೂರಿನ ಹತ್ತಿರ ಹೆದ್ದಾರಿ ದರೋಡೆಯವರನ್ನು ಅಡ್ಡಗಟ್ಟಿ ಒಂದು ಗುಂಡು ಹಾರಿಸಿದ್ದ. ಖಾಲಿ ಕೇಸು ಒಳಗೇ ಉಳಿದು ಎರಡನೆಯದು ಹಾರಲಿಲ್ಲ. ಸಿಕ್ಕಿಬಿದ್ದ ಸ್ಲೈಡನ್ನು ಎಳೆಯುತ್ತ ನಿಂತಿದ್ದಾಗಲೇ ದರೋಡೆಯವರು ಹೊಡೆದ ಗುಂಡು ಅವನ ಕುತ್ತಿಗೆಗೆ ತಗುಲಿತು. ಪಿಸ್ತೂಲು ಯಾಕೆ ಕೈಕೊಟ್ಟಿತು ಎಂದು ಮೇಲಿನವರಿಗೆ ವರದಿ ಬೇಕಾಗಿತ್ತು. ಸಂಬಂಧಿ ಎಂದು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಆದರೆ ಅದನ್ನು ಇನ್ನೊಬ್ಬರ ಕೈಗೆ ಕೊಡಲು ಭೋಜರಿಗೆ ಮನಸ್ಸು ಬರಲಿಲ್ಲ.

ಕೊಕ್ಕೆ ಮುರಿದಿರಲಿಲ್ಲ. ಸ್ಪ್ರಿಂಗೂ ಗಟ್ಟಿಯಾಗಿತ್ತು. ಭೂತಗನ್ನಡಿ ಹಿಡಿದು ಕೊಕ್ಕೆಯ ಅಡಿ ನೋಡಿದರು. ಸಂದಿನಲ್ಲಿ ಹಳದಿ ಬಣ್ಣದ ಏನೋ ಒಣಗಿ ಕಲ್ಲಾಗಿತ್ತು. ಸೂಜಿಯಲ್ಲಿ ಕೆರೆದು ಮೂಗಿಗೆ ಹಿಡಿದರು. ಗಂಧ. ಜೊತೆಗೆ ಕಮಟು ಹತ್ತಿದ ತೆಂಗಿನೆಣ್ಣೆ. ಕೊಕ್ಕೆ ಕೇಸನ್ನು ಕಚ್ಚಲು ಜಾಗವೇ ಇರಲಿಲ್ಲ.

ಆಯುಧಪೂಜೆಯ ದಿನ ಹೆಮ್ಮಾಡಿಯ ಅಕ್ಕನ ಮನೆಯಲ್ಲಿ ಊಟಕ್ಕೆ ಭೋಜರೂ ಇದ್ದರು. ಕತ್ತಿ, ಹಾರೆ, ಮೆಟ್ಟುಕತ್ತಿಗಳ ಸಾಲಿನಲ್ಲಿ ಮಗನ ಪಿಸ್ತೂಲನ್ನೂ ಇಡಬೇಕೆಂದು ಅಕ್ಕ ಪಟ್ಟು ಹಿಡಿದಳು. ರವಿರಾಜ್ ಗುಂಡುಗಳನ್ನು ತೆಗೆದಿಟ್ಟು ಕೊಟ್ಟ. ಅಕ್ಕ ಗಂಧವನ್ನು ಧಾರಾಳವಾಗಿ ಹಚ್ಚಿದಳು, ಮೇಲಿಂದ ಎಣ್ಣೆ ಸವರಿದಳು.

"ಕಬ್ಣ ಅಂದ್ರೆ ಎಣ್ಣಿ ಬೇಕಲ್ದಾ? ನನ್ ಮಗನ್ ಕಾಯು ಕಬ್ಣ ಇದ್," ಎಂದಿದ್ದಳು.

ಭೋಜರು ನಕ್ಕಿದ್ದರು. "ನಾಳೆ ತಕಂಡ್ ಬಾ ಮಾರಾಯಾ, ಬಿಚ್ಚಿ ಒರ್ಸಿ ಕೊಡ್ತೆ."

"ಬತ್ತೆ ಮಾವಾ," ಎಂದ ಹುಡುಗ, ಹೊರಮೈಯನ್ನು ಕರ್ಚೀಫಿನಲ್ಲಿ ಒರೆಸಿ ಸೊಂಟಕ್ಕೆ ಸಿಕ್ಕಿಸಿಕೊಂಡ. ಮರುದಿನ ಬಂದೋಬಸ್ತು ಬಂತು. ಅವನು ಬರಲಿಲ್ಲ, ಇವರು ಫೋನೂ ಮಾಡಲಿಲ್ಲ. ಹಬ್ಬ ಕಳೆದು ಹದಿನೈದನೆಯ ದಿನಕ್ಕೆ ಅವನು ಸತ್ತ.

ವರದಿಯಲ್ಲಿ ಭೋಜರು ಸುಳ್ಳು ಬರೆಯಲಿಲ್ಲ. ಕೊಕ್ಕೆಯ ಅಡಿ ಒಣಗಿದ ಗಂಧ ಮತ್ತು ಎಣ್ಣೆ ಎಂದೇ ಬರೆದು ಸಹಿ ಹಾಕಿದರು. ಹಚ್ಚಿದ್ದು ಯಾರೆಂದು ಯಾರೂ ಕೇಳಿರಲಿಲ್ಲ.

ಕೇಳಿದವಳು ಅಕ್ಕ. ಹದಿಮೂರನೆಯ ದಿನದ ಕಾರ್ಯ ಮುಗಿದು ನೆಂಟರೆಲ್ಲ ಕೈತೊಳೆದು ಹೊರಟ ಮೇಲೆ, ಅವಳು ಒಳಜಗಲಿಯ ಕಂಬಕ್ಕೆ ಒರಗಿ ಕೂತಿದ್ದಳು. ಮಗನ ಹೆಣ ಬಂದಾಗಲೂ ಅವಳು ಅತ್ತಿರಲಿಲ್ಲ. ತಮ್ಮನನ್ನು ಕರೆದು ಹತ್ತಿರ ಕೂರಿಸಿಕೊಂಡಳು.

"ಭೋಜಾ, ಪಿಸ್ತೂಲ್ ನೀನೇ ಬಿಚ್ಚಿ ಕಂಡದ್ದ್ ಅಂಬ್ರ್. ಅದ್ರೊಳ್ಗೆ ಗಂಧ ಇತ್ತಾ?"

ಭೋಜರು ಕನ್ನಡಕ ತೆಗೆದು ಒರೆಸತೊಡಗಿದರು.

"ಸುಳ್ಳ್ ಹೇಳ್ಬೇಡ. ನಂಗೆ ರಾತ್ರಿ ಹಗಲ್ ಅದೇ. ನಾನ್ ಹಚ್ಚಿದ್ ಎಣ್ಣಿಂದ್ಲೇ ನನ್ ಮಗ ಹೋದ್ನಾ? ಹೌದಾದ್ರೆ ಹೌದ್ ಅನ್. ನಾನ್ ಇನ್ ಬದ್ಕಿ ಎಂತ ಮಾಡುಕಿತ್ತ್?"

ಅವಳ ಕಣ್ಣು ಅಂಗಳದಾಚೆಯ ಬಾವಿಯ ಕಟ್ಟೆಯ ಮೇಲಿತ್ತು. ಅದನ್ನು ನೋಡಿದ ಮೇಲೆ ಭೋಜರಿಗೆ ಯೋಚಿಸುವುದಕ್ಕೆ ಏನೂ ಉಳಿಯಲಿಲ್ಲ.

"ಗಂಧ ಅಲ್ಲ ಅಕ್ಕಾ. ಸ್ಪ್ರಿಂಗ್ ಸೋತಿತ್ತ್. ಹ್ವಾದ್ ವರ್ಷವೇ ಬದ್ಲ್ ಮಾಡ್ಕಿತ್ತ್. ನಾನೇ, ಇರ್ಲಿ, ನಡಿತ್ತ್ ಅಂದೇಳಿ ಪಾಸ್ ಮಾಡಿ ಕೊಟ್ಟೆ."

"ನೀನಾ?"

"ಹೌದ್. ತಪ್ಪ್ ನಂದೇ."

ಹಾಗೆ ಹೇಳುವಾಗ ತಾನು ಹೇಳುತ್ತಿರುವುದು ಪೂರ್ತಿ ಸುಳ್ಳೇನಲ್ಲ ಎಂದು ಅವರಿಗೆ ಅನ್ನಿಸಿತು. ಹಬ್ಬದ ಮರುದಿನ ಒಂದು ಫೋನ್ ಮಾಡಿದ್ದರೆ ಸಾಕಿತ್ತು.

 ವನಜ ಎರಡೂ ಕೈಯಲ್ಲಿ ತಮ್ಮನ ಎದೆಗೆ ಗುದ್ದಿದಳು. "ಅವ್ನ್ ಎತ್ತಿ ಆಡ್ಸಿದ್ ಕೈಯಲ್ದನಾ ಅದ್! ಏಳ್. ನಡಿ ಆಚಿಗೆ. ನಂಗೆ ತಮ್ಮ ಇಲ್ಲ. ನಾನ್ ಸತ್ರೂ ಈ ಮೆಟ್ಲ್ ಹತ್ಬೇಡ."

ಭೋಜರು ಎದ್ದರು. ಮೆಟ್ಟಿಲಿಳಿದು ಚಪ್ಪಲಿ ಮೆಟ್ಟುವಷ್ಟರಲ್ಲಿ ಒಳಗಿಂದ ಅಕ್ಕನ ಅಳು ಕೇಳಿತು. ಮಗನ ಹೆಸರು ಹಿಡಿದು, ತಮ್ಮನಿಗೆ ಶಾಪ ಹಾಕುತ್ತ, ಬಾಯಿಬಿಟ್ಟು ಅಳುತ್ತಿದ್ದಳು.

ಬೇಲಿಯ ಬಾಗಿಲಾದ ದಣಪೆಯ ಹತ್ತಿರ ರವಿರಾಜನ ಹೆಂಡತಿ ಹರಿಣಾಕ್ಷಿ ಓಡಿಬಂದಳು. ಪೂಜೆಯ ದಿನ ಗಂಧ ತೇಯ್ದು ಕೊಟ್ಟವಳು ಅವಳೇ.

"ಮಾವಾ, ನೀವ್ ಹೇಳದ್ದ್ ನಿಜ್ವಾ?"

ಭೋಜರು ಅವಳ ತಲೆಯ ಮೇಲೆ ಕೈಯಿಟ್ಟರು.

"ಅತ್ತಿ ಹತ್ರ ಕೂಕೋ ಮಗಾ. ಅವ್ಳ್ ನನ್ನ್ ಎಷ್ಟ್ ಬೈದ್ರೂ ನೀ ಮಧ್ಯ ಬಾಯ್ ಹಾಕ್ಬೇಡ. ಬೈಲಿ."

ಅವಳು ಒಳಗೆ ಹೋಗುವ ತನಕ ನಿಂತಿದ್ದು, ದಣಪೆಯನ್ನು ತಾವೇ ಹೊರಗಿಂದ ಹಾಕಿಕೊಂಡು, ಭೋಜರು ಹೆದ್ದಾರಿಯ ಕಡೆ ನಡೆದರು.