ಐದು ಬಟ್ಟಲು, ಒಂದು ಚಿಟಿಕೆ ಹಿಟ್ಟು

೧

ಹೇಗೆ ಶುರು ಮಾಡಲಿ, ನೀವೇ ಹೇಳಿ. 'ಕಡಲು ಭೋರ್ಗರೆಯುತ್ತಿತ್ತು' ಎಂದು ಬರೆದೆ, ಹೊಡೆದು ಹಾಕಿದೆ. ನಾನು ಕೂತಿರುವುದು ಬಯಲುಸೀಮೆಯ ಇಂಡಿ ಪಟ್ಟಣದಲ್ಲಿ. ಇಲ್ಲಿಂದ ಯಾವ ಬಸ್ಸು ಹತ್ತಿದರೂ ಕಡಲು ಸಿಗುವಷ್ಟರಲ್ಲಿ ಸೊಂಟ ಬಿದ್ದುಹೋಗುತ್ತದೆ. ಅದನ್ನು ನಾನು ನೋಡಿದ್ದು ಒಂದೇ ಸಲ, ಶಾಲೆಯ ಟ್ರಿಪ್ಪಿನಲ್ಲಿ, ವಾಂತಿ ಮಾಡಿಕೊಳ್ಳುತ್ತ.

ಆದ್ದರಿಂದ ಕಡಲು ಬೇಡ. ಬಾಟಲಿಯಿಂದ ಶುರು ಮಾಡೋಣ.

೨

ಗುರುವಾರ ಮಧ್ಯಾಹ್ನ ಸಿಂದಗಿ ಬಸ್ಸಿನಿಂದ ತನ್ನೂರು ಮೋರಟಗಿಯಲ್ಲಿ ಇಳಿದ ಪ್ರಜ್ಞಾ ಒಂದು ಥರ್ಮಾಕೋಲ್ ಡಬ್ಬಿಯನ್ನು ಕೂಸಿನಂತೆ ಅವುಚಿಕೊಂಡಿದ್ದಳು. ಒಳಗೆ ಮಂಜುಗಡ್ಡೆ, ಮಂಜುಗಡ್ಡೆಯ ನಡುವೆ ಕಡಲ ನೀರಿನ ಬಾಟಲಿ. ಕಳಿಸಿದವಳು ಅಬಿದಾ. ತಾಳಿಕೋಟೆಯವಳು, ಹಾಸ್ಟೆಲ್ಲಿನಲ್ಲಿ ಪ್ರಜ್ಞಾಳ ರೂಮಿನವಳು, ಈಗ ಕರಾವಳಿಯ ಒಂದು ಊರಿನಲ್ಲಿ ಪ್ರೈಮರಿ ಟೀಚರ್. (ಊರಿನ ಹೆಸರು ಹೇಳುವುದಿಲ್ಲ. ವಕೀಲರ ನೋಟಿಸು ಓದುವ ವಯಸ್ಸಲ್ಲ ನನ್ನದು.)

ಆ ಊರಿನ ಅಳಿವೆಗೆ ಒಂದು ಕಾರ್ಖಾನೆಯ ಕೊಳಚೆ ಬಂದು ಸೇರುತ್ತದೆ. ಅಬಿದಾಳ ಶಾಲೆಯ ಮಕ್ಕಳು ತಾಯಂದಿರ ಜೊತೆ ಅಲ್ಲೇ ಚಿಪ್ಪಿ ಆಯುತ್ತಾರೆ. ಮೊಣಕಾಲಿನವರೆಗೂ ಹುಣ್ಣು. ಸೋಮವಾರ ಹನ್ನೊಂದಕ್ಕೆ ಅಧಿಕಾರಿಗಳ ಸಭೆ. ಕಾರ್ಖಾನೆಯವರು ಹೊಸ ಯಂತ್ರ ಕೂರಿಸಿದ್ದೇವೆ, ನೀರು ಶುದ್ಧ ಎನ್ನುತ್ತಾರೆ, ಅವರ ಹತ್ತಿರ ಕಾಗದ ಇದೆ. ಇವರ ಹತ್ತಿರ ಹುಣ್ಣು ಬಿಟ್ಟರೆ ಏನೂ ಇಲ್ಲ.

"ನೀ ಪರೀಕ್ಷಾ ಮಾಡಿ ಒಂದ ಹಾಳಿ ಕಳಸವಾ," ಅಂದಿದ್ದಳು ಅಬಿದಾ. "ಹಾಳಿ ಇಲ್ಲಂದ್ರ ನಮ್ಮ ಮಾತು ಯಾರೂ ಕೇಳಾಂಗಿಲ್ಲ."

ಕಾಲೇಜಿನ ಲ್ಯಾಬಿಗೆ ರಜೆಯ ಬೀಗ. ಪ್ರಜ್ಞಾಳ ಸಂಶೋಧನೆಯ ಗೈಡ್ ಸಿದ್ದಾರೂಢ ಸರ್ ಬಸವನ ಬಾಗೇವಾಡಿಯಲ್ಲಿ ಮಗಳ ಮದುವೆಯ ಗದ್ದಲದಲ್ಲಿದ್ದರು. "ಮನ್ಯಾಗ ಮಾಡು. ಅಂಕಿ ನೆಟ್ಟಗ ಬಂದ್ರ ಸಹಿ ಹಾಕ್ತೇನಿ," ಎಂದು ವಾಲಗದ ನಡುವೆ ಕೂಗಿ ಫೋನಿಟ್ಟರು.

೩

ಇಲ್ಲಿ ವಿಜ್ಞಾನ ಬರುತ್ತದೆ. ಹೆದರಬೇಡಿ, ನನಗೆ ತಿಳಿದಷ್ಟೇ ಹೇಳುತ್ತೇನೆ, ಅದು ಬಹಳ ಕಮ್ಮಿ.

ಆರ್ಟೀಮಿಯಾ ಎಂಬ ಸಿಗಡಿಯ ತಮ್ಮನಿದ್ದಾನೆ. ಅದರ ತತ್ತಿ ಗಸಗಸೆಗಿಂತ ಸಣ್ಣದು, ಒಣಗಿಸಿ ಪೊಟ್ಟಣದಲ್ಲಿ ವರ್ಷಗಟ್ಟಲೆ ಇಡಬಹುದು. ಉಪ್ಪುನೀರಿಗೆ ಹಾಕಿದರೆ ಮರುದಿನ ಕೇಸರಿ ಚುಕ್ಕಿಗಳು ಈಜಾಡುತ್ತವೆ. (ಪಂಡಿತರೇ, ಇವು ಕಡಲಿನವಲ್ಲ, ಉಪ್ಪುಕೆರೆಯವು ಎಂದು ಪತ್ರ ಬರೆಯಬೇಡಿ. ಪ್ರಜ್ಞಾಗೆ ಗೊತ್ತಿದೆ. ಕಡಲ ನೀರಿನ ವಿಷ ನೋಡಲು ಇವನ್ನೇ ಬಳಸುತ್ತಾರಂತೆ.) ಐದು ಬಟ್ಟಲು. ಮೊದಲನೆಯದರಲ್ಲಿ ಬರೀ ಉಪ್ಪುನೀರು. ಮುಂದಿನವುಗಳಲ್ಲಿ ಅಬಿದಾಳ ನೀರು ಹೆಚ್ಚುತ್ತ ಹೋಗಿ, ಐದನೆಯದರಲ್ಲಿ ಪೂರಾ ಅದೇ. ಒಂದೊಂದರಲ್ಲಿ ಇಪ್ಪತ್ತು ಮರಿ. ಸರಿಯಾಗಿ ಒಂದು ದಿನ ಕಳೆದ ಮೇಲೆ ಎಣಿಸುವುದು. ಎಷ್ಟು ಸತ್ತವೋ ಅಷ್ಟು ವಿಷ.

ಶುಕ್ರವಾರ ಬೆಳಿಗ್ಗೆ ಪ್ರಜ್ಞಾ ಅಡುಗೆಮನೆಯ ಕಟ್ಟೆಯ ಮೇಲೆ ಬಟ್ಟಲು ಜೋಡಿಸುತ್ತಿದ್ದಾಗ ಅಜ್ಜಿ ಯಲ್ಲವ್ವ ಬಂದು ಬಗ್ಗಿ ನೋಡಿದಳು.

"ಯವ್ವಾ, ಹೇನಿನ ಮರಿ ಇದ್ದಂಗ ಅದಾವಲ್ಲ! ಉಣ್ಣಾಕ ಏನ ಹಾಕ್ತಿ ಇವಕ್ಕ?"

"ಏನೂ ಹಾಕಾಂಗಿಲ್ಲ ಆಯಿ. ಹುಟ್ಟೂ ಮುಂದ ಹೊಟ್ಯಾಗ ಬುತ್ತಿ ಕಟಗೊಂಡ ಬಂದಿರ್ತಾವು."

"ಬುತ್ತಿ ತೀರಿದ ಮ್ಯಾಲೆ?"

"ಅಷ್ಟೊತ್ತಿಗೆ ನನ್ನ ಎಣಿಕಿ ಮುಗದಿರ್ತೈತಿ."

ಯಲ್ಲವ್ವ ಬಟ್ಟಲುಗಳನ್ನು ಇನ್ನೊಮ್ಮೆ ಒಂದೊಂದಾಗಿ ನೋಡಿ ಒಲೆಯ ಕಡೆ ಹೋದಳು. ಆಗಲೇ ಹುಷಾರಾಗಿರಬೇಕಿತ್ತು. ಆದರೆ ಕಥೆ ಬರೆಯುವವನಿಗೇ ಹೊಳೆಯಲಿಲ್ಲ, ಪಾಪ ಆ ಹುಡುಗಿಗೆ ಹೇಗೆ ಹೊಳೆದೀತು?

೪

ಶನಿವಾರ ಬೆಳಿಗ್ಗೆ. ಭೂತಗನ್ನಡಿ, ಟಾರ್ಚು. ಬದುಕಿದ್ದವು: ಇಪ್ಪತ್ತು, ಇಪ್ಪತ್ತು, ಹತ್ತೊಂಬತ್ತು, ಇಪ್ಪತ್ತು, ಹತ್ತೊಂಬತ್ತು.

(ಇಲ್ಲಿ ನನ್ನ ಮೊದಲ ಡ್ರಾಫ್ಟಿನಲ್ಲಿ 'ಕಡಲು ಗೆದ್ದಿತು!' ಎಂದು ಪ್ರಜ್ಞಾ ಕುಣಿದಾಡಿದ್ದಳು. ನಾಚಿಕೆಗೇಡು. ಹರಿದೆ.)

ಪ್ರಜ್ಞಾ ಇನ್ನೊಮ್ಮೆ ಎಣಿಸಿದಳು, ಅಷ್ಟೇ ಬಂತು. ಬೇಸಿಗೆಯಲ್ಲಿ, ಯಂತ್ರ ಬರುವ ಮೊದಲು, ಲ್ಯಾಬಿನಲ್ಲಿ ತಾನೇ ನೋಡಿದಾಗ ಅದೇ ಅಳಿವೆಯ ನೀರಿನಲ್ಲಿ ಇಪ್ಪತ್ತಕ್ಕೆ ನಾಲ್ಕು ಉಳಿದಿದ್ದವು. ಹೊಸ ಯಂತ್ರ ನಿಜವಾಗಿಯೂ ಕೆಲಸ ಮಾಡುತ್ತಿದೆಯೇ? ಮತ್ತೆ ಬಗ್ಗಿದಳು. ಐದೂ ಬಟ್ಟಲಿನ ತಳದಲ್ಲಿ ಏನೋ ಬೆಳ್ಳಗೆ ಕೂತಿತ್ತು.

"ಆಯೀ!"

"ಒಂದ ಚಿಟಿಕಿ ಜ್ವಾಳದ ಹಿಟ್ಟು," ಅಂದಳು ಯಲ್ಲವ್ವ ರೊಟ್ಟಿ ತಟ್ಟುತ್ತಲೇ. "ಎಲ್ಲಾ ಬಟ್ಟಲಕ್ಕೂ ಸಮ ಹಾಕೀನಿ ಮತ್ತ, ಭೇದ ಮಾಡಿಲ್ಲ. ಮನಿಗೆ ಬಂದವರನ್ನ ಉಪಾಸ ಕೆಡವೂ ರೂಢಿ ನಮ್ಮಲ್ಲಿಲ್ಲ."

ನಮ್ಮ ಕಡೆ ಜಪ್ತಿಗೆ ಬಂದ ಅಮಲ್ದಾರನಿಗೂ ಮೊದಲು ರೊಟ್ಟಿ ಬಡಿಸಿ ಆಮೇಲೆ ಜಗಳ ತೆಗೆಯುತ್ತಾರೆ. ಹಿಟ್ಟು ವಿಷವನ್ನು ಹೀರಿಕೊಂಡಿತೋ, ಹೊಟ್ಟೆ ತುಂಬಿದ್ದಕ್ಕೆ ಮರಿಗಳು ತಾಳಿಕೊಂಡವೋ, ಪ್ರಜ್ಞಾಗೆ ತಿಳಿಯಲಿಲ್ಲ. ಲೆಕ್ಕ ಮಾತ್ರ ಕೆಟ್ಟಿತ್ತು. ಸಿಟ್ಟಿಗೆ ಅಳುವೇ ಬಂತು.

"ಇವು ಸಾಯಬೇಕಿತ್ತು ಆಯಿ!"

"ದಿನಾ ಸಂಜಿಕ ಕೈ ಮುಗದು ಜೀವ ತಗಿಯಾಂಗಿಲ್ಲಂತ ಪಂಚಶೀಲ ಹೇಳ್ತಿ. ಮುಂಜಾನೆದ್ದು ಇವು ಸಾಯಲಿಲ್ಲಂತ ಅಳತಿ. ನಿನಗ ಏನಾಗೇತಿ?"



೫

ನಾನು ಕರುಣಾಳು. ಪ್ರಜ್ಞಾಗೆ ಮುಕ್ತಾಯಗಳ ಆಯ್ಕೆ ಕೊಟ್ಟೆ.

ಅ) ಐದನೆಯ ಬಟ್ಟಲಿಗೆ 'ನಾಲ್ಕು ಉಳಿದವು' ಎಂದು ಬರೆದುಬಿಡು. ನೀರು ಕೆಟ್ಟಿದೆ ಎಂದು ಎಲ್ಲರಿಗೂ ಗೊತ್ತೇ ಇದೆ.

ಆ) ಬಂದ ಅಂಕಿಯನ್ನೇ ಕಳಿಸು. ಕಾರ್ಖಾನೆಯವರು ಪೇಢೆ ಹಂಚುತ್ತಾರೆ.

ಇ) ಅಷ್ಟರಲ್ಲಿ ಕರೆಂಟು ಹೋಯಿತು... (ಇದು ನನ್ನ ಹಳೆಯ ಚಾಳಿ, ಕ್ಷಮಿಸಿ.)

"ಸರ್, ನಿಮಗ ಕಥಿ ಮುಗಸೂ ಅವಸರ," ಅಂದಳು ಪ್ರಜ್ಞಾ, ಮೂಗು ಒರೆಸಿಕೊಳ್ಳುತ್ತ. "ಸುಳ್ಳ ಬರದ್ರ ನಮ್ಮ ಹಾಳಿಗೂ ಅವರ ಹಾಳಿಗೂ ಏನ ಫರಕ್? ನಾಳೆ ಯಾರರ ಇನ್ನೊಮ್ಮೆ ನೀರು ತಪಾಸ ಮಾಡಿದ್ರ ಆ ಹುಡುಗರ ಹುಣ್ಣೂ ಸುಳ್ಳ ಅಂತಾರ. ಬಾಟಲ್ಯಾಗ ಅರ್ಧ ನೀರ ಉಳದೈತಿ, ಪೊಟ್ಣದಾಗ ತತ್ತಿ ಅದಾವು. ಮತ್ತೊಮ್ಮೆ ಮಾಡ್ತೇನಿ."

"ಸೋಮವಾರ ಹನ್ನೊಂದರೊಳಗೆ ಆಗುವುದಿಲ್ಲವಲ್ಲಮ್ಮ?" ಎಂದೆ ನಾನು.

"ಅದನ್ನ ನೀವ ಮದಲ ವಿಚಾರ ಮಾಡಬೇಕಿತ್ರಿ."

೬

"ಹಿಟ್ಟು?" ಫೋನಿನಲ್ಲಿ ಅಬಿದಾ ಬಿದ್ದು ಬಿದ್ದು ನಕ್ಕಳು. ಆಮೇಲೆ ನಗು ನಿಂತಿತು. "ಯಾ ಅಲ್ಲಾ, ಈಗ ಹ್ಯಾಂಗ?"

"ಮರಿ ಆಗಾಕ ನಾಳೆ ಸಂಜಿ. ಎಣಿಸೂದು ಸೋಮವಾರ ನಾಕಕ್ಕ."

"ಸಭಾ ಹನ್ನೊಂದಕ್ಕ. ಐದ ತಾಸು." ಅಬಿದಾ ಲೆಕ್ಕ ಹಾಕಿದಳು. "ಇಲ್ಲಿ ನೂರ ಮಂದಿ ಹೆಣ್ಮಕ್ಕಳು ಅದಾರ. ಮೀನ ಮಾರೂ ಬಾಯಿ. ಒಬ್ಬೊಬ್ಬಾಕಿ ಮೂರ ಮಿನಿಟ ಮಾತಾಡಿದ್ರ ಐದ ತಾಸ ಆಗೇ ಆಗತಾವು. ನೀ ಎಣಸು, ನಾ ಸಭಾ ಎಳೀತೇನಿ. ಖರೇ ಏನ ಬರತೈತಿ ಅದನ್ನ ಕಳಸು."

೭

ಭಾನುವಾರ ನಾಲ್ಕಕ್ಕೆ ಹೊಸ ಮರಿಗಳು ಬಟ್ಟಲು ಸೇರಿದವು. ಮೇಲೆ ಕಪ್ಪು ಬಟ್ಟೆ ಮುಚ್ಚಿ, ಪ್ರಜ್ಞಾ ಹಿಟ್ಟಿನ ಡಬ್ಬಿಯನ್ನು ಅಟ್ಟಕ್ಕೆ ಏರಿಸಲು ಹೊರಟಳು.

"ಅಲ್ಲೇ ಇರಲಿ. ನಾ ಹಾಕಾಂಗಿಲ್ಲ," ಅಂದಳು ಯಲ್ಲವ್ವ. ಬಟ್ಟಲುಗಳ ಪಕ್ಕದಲ್ಲಿ ಚಾಪೆ ಹಾಸಿಕೊಂಡು ಕೂತಳು. ಊಟಕ್ಕೆ ಕರೆದರೆ ಏಳಲಿಲ್ಲ.

"ನೀ ಉಣ್ಣು."

"ಆಯಿ, ನಿನಗ ಬಿಪಿ ಗುಳಿಗಿ ಐತಿ."

"ನೀರ ಕುಡದ ನುಂಗತೇನಿ. ಆ ಕೂಸುಗಳ ಕಾಲಿನ ಹುಣ್ಣು ಮಾಯಬೇಕಂದ್ರ ಇವು ಹೋಗಬೇಕಂತಿ. ಹೋಗಲಿ, ನಾ ಬ್ಯಾಡನ್ನಾಂಗಿಲ್ಲ. ಆದ್ರ ಇವು ಉಪಾಸ ಇದ್ದಾಗ ನಾ ಹ್ಯಾಂಗ ರೊಟ್ಟಿ ಮುರೀಲಿ? ಒಬ್ಬರರ ಜೋಡಿ ಕುಂಡ್ರಬೇಕಲ್ಲ."

ಪ್ರಜ್ಞಾ ಗುಳಿಗೆಯನ್ನೂ ಒಂದು ಲೋಟ ನೀರನ್ನೂ ತಂದು ಅಜ್ಜಿಯ ಪಕ್ಕದಲ್ಲಿಟ್ಟಳು.

೮

ಈಗ ಸೋಮವಾರ, ಮೂರೂವರೆ. ಅಬಿದಾಳ ಮೆಸೇಜು ಬಂದಿದೆ: ತೊಂಬತ್ತೊಂದನೆಯ ಹೆಂಗಸು ಮೈಕು ಹಿಡಿದಿದ್ದಾಳೆ, ಸಾಹೇಬರು ಮೂರು ಸಲ ಗಡಿಯಾರ ನೋಡಿದರು.

ನಾನು ಇಲ್ಲಿಗೇ ನಿಲ್ಲಿಸುತ್ತೇನೆ. ಮುಂದಿನ ಸಾಲು ಬರೆದರೆ ನಾಲ್ಕು ಗಂಟೆಯಾಗುತ್ತದೆ, ಬಟ್ಟಲುಗಳ ಮೇಲಿನ ಬಟ್ಟೆ ತೆಗೆಯಬೇಕಾಗುತ್ತದೆ. ಐದನೆಯ ಬಟ್ಟಲಿನಲ್ಲಿ ಮರಿಗಳು ಸತ್ತಿದ್ದರೆ ಹುಣ್ಣಿನ ಮಕ್ಕಳಿಗೆ ಕಾಗದ ಸಿಗುತ್ತದೆ, ಈಜುತ್ತಿದ್ದರೆ ಕಾರ್ಖಾನೆ ಗೆಲ್ಲುತ್ತದೆ. ನಾನು ಬರೆಯದಿದ್ದರೆ ಯಾರೂ ಸಾಯುವುದಿಲ್ಲ, ಯಾರೂ ಸೋಲುವುದಿಲ್ಲ, ಆ ಹೆಂಗಸರು ಮಾತಾಡುತ್ತಲೇ ಇರುತ್ತಾರೆ. ವಿಮರ್ಶಕರು ಇದಕ್ಕೊಂದು ದೊಡ್ಡ ಹೆಸರನ್ನೂ ಇಟ್ಟಿದ್ದಾರೆ. ಪೆನ್ನಿಗೆ ಟೊಪ್ಪಿ ಹಾಕಿದೆ, ಬಹಳ ಖುಷಿಯಾಯಿತು.

"ನಿಮ್ಮ ಓಪನ್ ಎಂಡಿಂಗ್ ಚಲೋ ಐತ್ರಿ ಸರ್," ಅಂದಳು ಪ್ರಜ್ಞಾ. "ಆದ್ರ ನಮ್ಮ ಆಯಿ ನಿನ್ನಿಯಿಂದ ಉಂಡಿಲ್ಲ."